ಗಂಡೋ ಹೆಣ್ಣೋ? ಪೆಂಗ್ವಿನ್‌ನಿಂದ ಮಾಗಡಿಯ ರೇಷ್ಮೆ ಗೂಡಿನವರೆಗೆ

ನವಿಲನ್ನು ನೋಡಿದ ತಕ್ಷಣ ಗಂಡೋ ಹೆಣ್ಣೋ ಹೇಳಿಬಿಡಬಹುದು. ಕೋಳಿ, ಸಿಂಹ, ಜಿಂಕೆ ಕೂಡ ಹಾಗೇನೇ. ಆದರೆ ಪೆಂಗ್ವಿನ್ ಮುಂದೆ ನಿಂತರೆ ನಮ್ಮ ಕಣ್ಣು ಸೋಲುತ್ತೆ. ಗಂಡಿಗೂ ಅದೇ ಕಪ್ಪು ಕೋಟು, ಹೆಣ್ಣಿಗೂ ಅದೇ ಕಪ್ಪು ಕೋಟು. 2016ರಲ್ಲಿ ದಕ್ಷಿಣ ಕೊರಿಯಾದಿಂದ ಮುಂಬೈನ ಬೈಕುಲ್ಲಾ ಮೃಗಾಲಯಕ್ಕೆ ಬಂದ ಹಂಬೋಲ್ಟ್ ಪೆಂಗ್ವಿನ್‌ಗಳೂ ಇದೇ ಥರ. ಗಂಡು ಸ್ವಲ್ಪ ದಪ್ಪ, ಕೊಕ್ಕು ಸ್ವಲ್ಪ ದೊಡ್ಡದು ಅನ್ನೋದು ನಿಜ. ಆದರೆ ದಪ್ಪ ಹೆಣ್ಣೂ ಇರುತ್ತೆ, ಸಣ್ಣ ಗಂಡೂ ಇರುತ್ತೆ. ಖಚಿತವಾಗಿ ಗೊತ್ತಾಗಬೇಕಂದ್ರೆ ಒಂದು ಹನಿ ರಕ್ತ ಅಥವಾ ಒಂದು ಗರಿ ತಗೊಂಡು ಡಿಎನ್ಎ ಪರೀಕ್ಷೆ ಮಾಡಬೇಕು.

ಅಷ್ಟು ದೂರ ಹೋಗೋದೂ ಬೇಡ. ‘ಶೋಲೆ’ ಚಿತ್ರೀಕರಣ ಆದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ವನ್ಯಧಾಮ ಆಯಿತು. ಅಲ್ಲಿನ ಉದ್ದ ಕೊಕ್ಕಿನ ರಣಹದ್ದುಗಳಲ್ಲೂ ಗಂಡು ಹೆಣ್ಣು ನಮ್ಮ ಕಣ್ಣಿಗೆ ಒಂದೇ ಥರ. ಹಕ್ಕಿಗಳಿಗೆ ಪರಸ್ಪರ ಗೊತ್ತಾಗುತ್ತೆ, ನಮಗೆ ಗೊತ್ತಾಗಲ್ಲ ಅಷ್ಟೇ.

ಹದ್ದು, ಪೆಂಗ್ವಿನ್ ವಿಷಯದಲ್ಲಿ ನಮಗೆ ಗೊತ್ತಾಗದಿದ್ದರೂ ದೊಡ್ಡ ನಷ್ಟವೇನಿಲ್ಲ, ಅವು ತಮ್ಮ ಪಾಡಿಗೆ ಗೂಡು ಕಟ್ಟುತ್ತವೆ. ಅದೇ ರಾಮನಗರದ ಪಕ್ಕದ ಮಾಗಡಿ ಕಡೆ ಹೋದರೆ ಕಥೆ ಬೇರೆ. ಅಲ್ಲಿ ಬೆಳೆಯೋ ರೇಷ್ಮೆ ಹುಳುವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಸರಿಯಾಗಿ ಗೊತ್ತಾಗದಿದ್ದರೆ ಬೇರೆ ಯಾವುದೋ ಊರಿನ ರೈತನ ಒಂದು ಬೆಳೆ ಕೆಡುತ್ತೆ.

ಇಲ್ಲಿ ತೀರ್ಮಾನ ತಾಯಿಯದು

ಪೆಂಗ್ವಿನ್, ರಣಹದ್ದು, ರೇಷ್ಮೆ ಹುಳು, ಈ ಮೂರಕ್ಕೂ ಒಂದು ಸಾಮ್ಯ ಇದೆ. ಮನುಷ್ಯರಲ್ಲಿ ಹೆಣ್ಣಿಗೆ ಎಕ್ಸ್-ಎಕ್ಸ್, ಗಂಡಿಗೆ ಎಕ್ಸ್-ವೈ ಕ್ರೋಮೋಸೋಮ್ ಅಂತ ಪಿಯುಸಿಯಲ್ಲಿ ಓದಿದ್ದೇವೆ. ಅಂದ್ರೆ ಮಗು ಗಂಡೋ ಹೆಣ್ಣೋ ಅನ್ನೋದು ತಂದೆಯಿಂದ ಬಂದ ಕ್ರೋಮೋಸೋಮ್ ಮೇಲೆ ನಿಂತಿದೆ. (ಆದರೂ ಹೆಣ್ಣು ಹುಟ್ಟಿದರೆ ತಾಯಿಯನ್ನು ದೂರೋ ಜನ ಇನ್ನೂ ಇದ್ದಾರೆ, ಅದು ಬೇರೆ ಮಾತು.) ಹಕ್ಕಿಗಳಲ್ಲೂ ರೇಷ್ಮೆ ಹುಳುವಿನಲ್ಲೂ ಇದು ಉಲ್ಟಾ. ಗಂಡಿಗೆ ಝೆಡ್-ಝೆಡ್, ಹೆಣ್ಣಿಗೆ ಝೆಡ್-ಡಬ್ಲ್ಯೂ. ತಾಯಿಯಿಂದ ಡಬ್ಲ್ಯೂ ಬಂದರೆ ಹೆಣ್ಣು, ಬರದಿದ್ದರೆ ಗಂಡು.

ಹಕ್ಕಿಗಳ ಡಿಎನ್ಎ ಪರೀಕ್ಷೆ ಇದನ್ನೇ ಬಳಸಿಕೊಳ್ಳುತ್ತೆ. ಸಿಎಚ್‌ಡಿ-1 ಅನ್ನೋ ಜೀನ್ ಝೆಡ್ ಮೇಲೂ ಇದೆ, ಡಬ್ಲ್ಯೂ ಮೇಲೂ ಇದೆ, ಆದರೆ ಅದರೊಳಗಿನ ಒಂದು ತುಂಡಿನ ಉದ್ದ ಎರಡರಲ್ಲೂ ಬೇರೆ ಬೇರೆ. ಪಿಸಿಆರ್ ಮಾಡಿ ನೋಡಿದರೆ ಗಂಡಿಗೆ ಒಂದು ಗೆರೆ, ಹೆಣ್ಣಿಗೆ ಎರಡು ಗೆರೆ. ರೇಷ್ಮೆ ಹುಳುವಿನಲ್ಲಿ ಡಬ್ಲ್ಯೂ ಹೇಗೆ ಹೆಣ್ಣು ಮಾಡುತ್ತೆ ಅನ್ನೋದು ಬಹಳ ಕಾಲ ಒಗಟಾಗಿತ್ತು. 2014ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ತಂಡ ಅದಕ್ಕೆ ಉತ್ತರ ಕೊಟ್ಟಿತು: ಡಬ್ಲ್ಯೂನಿಂದ ಹುಟ್ಟೋ ಒಂದು ಪುಟಾಣಿ ಆರ್‌ಎನ್‌ಎ ಗಂಡಾಗಿಸೋ ಜೀನನ್ನು ಸುಮ್ಮನಾಗಿಸುತ್ತೆ.

ಆದರೆ ಸಾವಿರಾರು ಹುಳುಗಳಿಗೆ ಪಿಸಿಆರ್ ಮಾಡೋಕಾಗುತ್ತಾ? ಅಲ್ಲಿ ಕಣ್ಣೇ ಗತಿ.

ಮಾಗಡಿಗೆ ಈ ಲೆಕ್ಕ ಯಾಕೆ

ರಾಮನಗರದ ಗೂಡಿನ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅಲ್ಲಿ ಬರೋದು ನೂಲು ತೆಗೆಯೋ ಗೂಡು. ಮಾಗಡಿ ಮತ್ತು ಪಕ್ಕದ ಕುಣಿಗಲ್ ಸೀಮೆಯ ವಿಶೇಷ ಬೇರೆ. ಅದು ಬಿತ್ತನೆ ಗೂಡಿನ ಪ್ರದೇಶ. ಅಂದ್ರೆ ಇಲ್ಲಿನ ರೈತರು ಶುದ್ಧ ಮೈಸೂರು ತಳಿಯ ಹುಳು ಸಾಕಿ, ಗೂಡನ್ನು ಮೊಟ್ಟೆ ಉತ್ಪಾದನೆಗೆ ಕೊಡುತ್ತಾರೆ. ಆ ಗೂಡಿನೊಳಗಿನ ಜೀವ ಚಿಟ್ಟೆಯಾಗಿ ಹೊರಬಂದು ಮೊಟ್ಟೆ ಇಡಬೇಕು.

ಮೈಸೂರು ತಳಿಯ ಗೂಡು ಸಣ್ಣದು, ತುದಿ ಚೂಪು, ಬಣ್ಣ ಹಸಿರು ಮಿಶ್ರಿತ ಹಳದಿ. ಒಂದು ಗೂಡಿನಲ್ಲಿ ಸಿಗೋ ಎಳೆ ಸುಮಾರು 400 ಮೀಟರ್. ಬಿಳಿ ಗೂಡಿನ ದ್ವಿತಳಿಯಲ್ಲಿ ಎಳೆ ಸಾವಿರ ಮೀಟರ್ ದಾಟುತ್ತೆ. ಹಾಗಾದ್ರೆ ಮೈಸೂರು ತಳಿ ಯಾಕೆ ಬೇಕು? ಅದು ನಮ್ಮ ಬಿಸಿಲಿಗೆ, ನಮ್ಮ ಸೊಪ್ಪಿಗೆ ಒಗ್ಗಿಹೋಗಿರೋ ಗಟ್ಟಿ ಹುಳು. ಎರಡನ್ನೂ ಸೇರಿಸಿದರೆ ಗಟ್ಟಿತನವೂ ಸಿಗುತ್ತೆ, ಎಳೆಯೂ ಉದ್ದ ಬರುತ್ತೆ. ಮೈಸೂರು ತಳಿಯ ಹೆಣ್ಣು, ಸಿಎಸ್‌ಆರ್-2 ಅನ್ನೋ ದ್ವಿತಳಿಯ ಗಂಡು, ಈ ಜೋಡಿಯ ಮಕ್ಕಳೇ ರೈತರು ‘ಮಿಶ್ರ ತಳಿ’ ಅಂತ ಕರೆಯೋ ಹುಳು.

ಉಲ್ಟಾ ಮಾಡಿದರೆ ಏನಾಗುತ್ತೆ? ಇದೇ ತಮಾಷೆ. ಮೊಟ್ಟೆ ಕೂಡಲೇ ಒಡೆಯುತ್ತೋ ಅಥವಾ ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತೋ ಅನ್ನೋದನ್ನೂ ತಾಯಿಯೇ ತೀರ್ಮಾನಿಸುತ್ತಾಳೆ. ತಾಯಿ ಕೋಶದ ಹಂತದಲ್ಲಿದ್ದಾಗ ಅವಳ ಮೈಯಲ್ಲಿ ಸುರಿಯೋ ಒಂದು ಹಾರ್ಮೋನ್ ಮೊಟ್ಟೆಗೆ ನಿದ್ದೆಯ ಆದೇಶ ಕೊಡುತ್ತೆ. ದ್ವಿತಳಿ ತಾಯಿಯ ಮೊಟ್ಟೆ ನಿದ್ದೆಗೆ ಜಾರುತ್ತೆ, ಅದನ್ನು ಎಬ್ಬಿಸೋಕೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದೋ ಉಪಚಾರ ಬೇಕು. ಮೈಸೂರು ತಳಿಯ ತಾಯಿಯ ಮೊಟ್ಟೆ ಸುಮಾರು 10 ದಿನಕ್ಕೆ ತಾನಾಗೇ ಒಡೆಯುತ್ತೆ, ತಂದೆ ಯಾವ ತಳಿಯವನಾದರೂ ಸರಿ. ಹಂಗಾಗಿ ಯಾವ ತಳಿಯಿಂದ ಹೆಣ್ಣು, ಯಾವ ತಳಿಯಿಂದ ಗಂಡು ಅನ್ನೋದು ಈ ಕೆಲಸದ ಮೊದಲ ನಿಯಮ.

ಇದರ ಅರ್ಥ: ಮೈಸೂರು ತಳಿಯ ರಾಶಿಯಿಂದ ಹೆಣ್ಣು ಮಾತ್ರ ಬೇಕು, ಸಿಎಸ್‌ಆರ್-2 ರಾಶಿಯಿಂದ ಗಂಡು ಮಾತ್ರ ಬೇಕು. ಎರಡು ರಾಶಿಯನ್ನೂ ಒಂದೊಂದಾಗಿ ಆರಿಸಬೇಕು.

ಎಲ್ಲಿ ನೋಡಬೇಕು

ಹುಳು: ನಾಲ್ಕನೇ ಜ್ವರ ಎದ್ದ ಹುಳುವನ್ನು ಮಗುಚಿ ಹೊಟ್ಟೆಯ ಕೊನೆ ಭಾಗ ನೋಡಿ. ಹೊಟ್ಟೆಯ 8 ಮತ್ತು 9ನೇ ಖಂಡಗಳಲ್ಲಿ ಜೋಡಿ ಜೋಡಿಯಾಗಿ ನಾಲ್ಕು ಹಾಲುಬಿಳಿ ಚುಕ್ಕೆ ಇದ್ದರೆ ಹೆಣ್ಣು. ಇವುಗಳಿಗೆ ಇಶಿವಾಟಾ ಗ್ರಂಥಿ ಅಂತ ಹೆಸರು. ಎರಡು ಖಂಡಗಳ ನಡುವೆ, ಮಧ್ಯದಲ್ಲಿ ಒಂದೇ ಚುಕ್ಕೆ ಇದ್ದರೆ ಗಂಡು. ಅದು ಹೆರಾಲ್ಡ್ ಗ್ರಂಥಿ. ಓದೋಕೆ ಸುಲಭ, ಆದರೆ ಹೊರಳಾಡೋ ಹುಳುವನ್ನು ಹಿಡಿದು ನೋಡೋದು ಸುಲಭ ಅಲ್ಲ.

ಕೋಶ: ಗೂಡನ್ನು ಬ್ಲೇಡಿನಿಂದ ಹುಷಾರಾಗಿ ಕತ್ತರಿಸಿ ಒಳಗಿನ ಕಂದು ಬಣ್ಣದ ಕೋಶವನ್ನು, ಅಂದ್ರೆ ಪ್ಯೂಪಾವನ್ನು, ಹೊರಗೆ ತೆಗೆಯುತ್ತಾರೆ. ಹೆಣ್ಣಾದರೆ 8ನೇ ಖಂಡದಲ್ಲಿ ಗುಣಾಕಾರದ ಗುರುತಿನಂಥ ಗೆರೆ ಇರುತ್ತೆ. ಗಂಡಾದರೆ 9ನೇ ಖಂಡದಲ್ಲಿ ಒಂದು ಪುಟ್ಟ ದುಂಡು ಚುಕ್ಕೆ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಳ್ಳೋದರಿಂದ ಹೆಣ್ಣು ಕೋಶ ದಪ್ಪ, ಭಾರ. ಕೋಶ ಅಲುಗಾಡದೆ ಇರೋದರಿಂದ ಆರಿಸೋಕೆ ಇದು ಒಳ್ಳೆ ಸಮಯ.

ಚಿಟ್ಟೆ: ಇಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಹೆಣ್ಣು ಚಿಟ್ಟೆ ದಪ್ಪ ಹೊಟ್ಟೆ ಇಟ್ಟುಕೊಂಡು ಕೂತ ಕಡೆ ಕೂತಿರುತ್ತೆ. ಗಂಡು ಸಣ್ಣಗೆ, ರೆಕ್ಕೆ ಪಟಪಟ ಬಡಿಯುತ್ತಾ ಓಡಾಡುತ್ತೆ. ಆದರೆ ಕಾಯೋಕೆ ಸಮಯ ಇಲ್ಲ. ಹೆಣ್ಣು ಚಿಟ್ಟೆ ಹೊರಬಂದ ಕೂಡಲೇ ಬಾಂಬಿಕೋಲ್ ಅನ್ನೋ ವಾಸನೆ ಬಿಡುತ್ತೆ. ಜರ್ಮನಿಯ ಬುಟೆನಾಂಟ್ ತಂಡ 1959ರಲ್ಲಿ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಇದನ್ನು ಬೇರ್ಪಡಿಸಿತು. ಪ್ರಪಂಚದಲ್ಲಿ ರಾಸಾಯನಿಕವಾಗಿ ಗುರುತಿಸಿದ ಮೊದಲ ಫೆರೋಮೋನ್ ಇದೇ. ಆ ವಾಸನೆ ಸಿಕ್ಕಿದರೆ ಪಕ್ಕದಲ್ಲಿರೋ ಅದೇ ತಳಿಯ ಗಂಡು ನಮ್ಮ ಪ್ಲ್ಯಾನ್ ಕೇಳಿಕೊಂಡು ನಿಲ್ಲಲ್ಲ.

ಅದಕ್ಕೇ ಬಿತ್ತನೆ ಕೋಠಿಗಳಲ್ಲಿ ಬೆಳಗಿನ ಜಾವವೇ ಕೆಲಸ ಶುರು. ಚಿಟ್ಟೆ ಹೊರಬರೋದು ಆಗಲೇ. ಆರಿಸೋ ಕೆಲಸ ಮಾಡೋರು ಹೆಚ್ಚಾಗಿ ಹೆಣ್ಣುಮಕ್ಕಳು. ಆರಿಸಿದ ಮೇಲೆ ಜೋಡಿ ಮಾಡಿ, ಮೂರು ನಾಲ್ಕು ಗಂಟೆ ಬಿಟ್ಟು ಬೇರ್ಪಡಿಸುತ್ತಾರೆ. ಮೊಟ್ಟೆ ಇಟ್ಟಾದ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಾಯಿಯಿಂದ ಮೊಟ್ಟೆಗೆ ದಾಟೋ ಪೆಬ್ರಿನ್ ರೋಗ ಇದೆಯಾ ಅಂತ ಪತ್ತೆ ಹಚ್ಚೋ ಈ ವಿಧಾನ 1860ರ ದಶಕದಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ರೂಪಿಸಿದ್ದು. ಇಲ್ಲಿ ಪಾಸಾದ ಮೊಟ್ಟೆಯಷ್ಟೇ ರೈತರ ಕೈಗೆ ಹೋಗುತ್ತೆ.

ಒಂದು ತಪ್ಪಿನ ಬೆಲೆ

ರೇಷ್ಮೆ ರೈತರು ‘100 ಮೊಟ್ಟೆ ತಂದಿದೀವಿ’ ಅಂದರೆ 100 ಮೊಟ್ಟೆ ಅಂದುಕೊಳ್ಳಬೇಡಿ. 100 ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆ ಅಂತ ಅರ್ಥ. ಒಂದು ತಾಯಿ ಸುಮಾರು 400 ಇಟ್ಟರೂ ಒಟ್ಟು 40,000 ಹುಳು.

ಈಗ ಒಂದು ಲೆಕ್ಕ ಹಾಕೋಣ. ಮೈಸೂರು ತಳಿಯ 1,000 ‘ಹೆಣ್ಣು’ ಆರಿಸಿದ್ದೇವೆ, ನಮ್ಮ ಆಯ್ಕೆ 98% ಸರಿ ಅಂತಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ 98 ಬಂದರೆ ನಾವು ಸ್ವೀಟ್ ಹಂಚುತ್ತೇವೆ. ಇಲ್ಲಿ ಆ ರಾಶಿಯೊಳಗೆ 20 ಗಂಡು ಉಳಿದುಕೊಂಡವು ಅಂತ ಅರ್ಥ. ಒಂದೊಂದು ಗಂಡು ಒಂದೊಂದು ಹೆಣ್ಣನ್ನು ಕೂಡಿದರೂ 20 ತಾಯಿ, 8,000 ಹುಳು, ಎಲ್ಲವೂ ಮಿಶ್ರ ತಳಿಯ ಬದಲು ಶುದ್ಧ ಮೈಸೂರು. ಗಂಡು ಒಂದಕ್ಕಿಂತ ಹೆಚ್ಚು ಸಲ ಕೂಡಬಲ್ಲದು, ಆಗ ಸಂಖ್ಯೆ ಇನ್ನೂ ಏರುತ್ತೆ.

ರೈತನ ಮನೆಯಲ್ಲಿ ಹುಳುಗಳೆಲ್ಲ ಒಟ್ಟಿಗೆ ಜ್ವರಕ್ಕೆ ಕೂರಬೇಕು, ಒಟ್ಟಿಗೆ ಏಳಬೇಕು, ಒಟ್ಟಿಗೆ ಹಣ್ಣಾಗಿ ಚಂದ್ರಿಕೆ ಹತ್ತಬೇಕು. ಮೈಸೂರು ತಳಿ ನಿಧಾನ. ಮಿಕ್ಕವು ಗೂಡು ಕಟ್ಟೋ ಹೊತ್ತಿಗೆ ಇವು ಇನ್ನೂ ಸೊಪ್ಪು ತಿನ್ನುತ್ತಿರುತ್ತವೆ. ಸೊಪ್ಪು, ಕೂಲಿ ಎರಡೂ ಜಾಸ್ತಿ. ಮಾರುಕಟ್ಟೆಯಲ್ಲಿ ಸಣ್ಣ ಗೂಡು ಬೆರೆತ ರಾಶಿಗೆ ಹರಾಜಿನಲ್ಲಿ ರೇಟು ಬೀಳುತ್ತೆ. ಮೊಟ್ಟೆ ತಂದ ದಿನ ರೈತನಿಗೆ ಇದು ಗೊತ್ತಾಗೋ ದಾರಿಯೇ ಇಲ್ಲ. ಎಲ್ಲ ಮೊಟ್ಟೆಯೂ ಸಾಸಿವೆಗಿಂತ ಸಣ್ಣ ಚುಕ್ಕೆ. ಅವನು ನಂಬೋದು ಬಿತ್ತನೆ ಕೋಠಿಯಲ್ಲಿ ಕೂತು ಆರಿಸಿದವರ ಕಣ್ಣನ್ನು.

ಮಷೀನ್ ಮಾಡಬಹುದಾ?

ನಮ್ಮಂಥವರಿಗೆ ತಕ್ಷಣ ಬರೋ ಪ್ರಶ್ನೆ ಇದು. ಪ್ರಯತ್ನಗಳು ಸಾಕಷ್ಟು ನಡೆದಿವೆ. ತೂಕ ನೋಡಿ ಬೇರ್ಪಡಿಸಬಹುದು, ಆದರೆ ಪೆಂಗ್ವಿನ್ ಕಥೆಯೇ ಇಲ್ಲೂ: ಮಧ್ಯದ ತೂಕದಲ್ಲಿ ಗಂಡೂ ಇರುತ್ತೆ ಹೆಣ್ಣೂ ಇರುತ್ತೆ. ಎಕ್ಸ್-ರೇ, ಇನ್‌ಫ್ರಾರೆಡ್ ಬೆಳಕು ಬಳಸಿ ಗೂಡು ಕತ್ತರಿಸದೇ ಒಳಗಿರೋದನ್ನು ಗುರುತಿಸೋ ಸಂಶೋಧನೆಗಳಾಗಿವೆ. ತಳಿವಿಜ್ಞಾನಿಗಳು ಇನ್ನೊಂದು ದಾರಿ ಹಿಡಿದರು. ಜಪಾನಿನ ತಾಜಿಮಾ, ಹುಳುವಿನ ಮೈಮೇಲೆ ಗುರುತು ಮೂಡಿಸೋ ಜೀನಿನ ತುಂಡನ್ನು ಡಬ್ಲ್ಯೂ ಕ್ರೋಮೋಸೋಮಿಗೆ ಅಂಟಿಸಿದ ತಳಿ ಮಾಡಿದರು. ಗುರುತಿದ್ದರೆ ಹೆಣ್ಣು, ಇಲ್ಲದಿದ್ದರೆ ಗಂಡು, ಮಗುಚಿ ನೋಡೋ ಕೆಲಸವೇ ಇಲ್ಲ. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲೂ ಇಂಥ ತಳಿಗಳ ಮೇಲೆ ಕೆಲಸ ಆಗಿದೆ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಕ್ಯಾಮೆರಾ ಇಟ್ಟು ಮಾಡೆಲ್ ಟ್ರೈನ್ ಮಾಡೋ ಯೋಚನೆ ಇದ್ದರೆ ಮೂರು ಮಾತು. ಒಂದು, ಬರೀ ಅಕ್ಯುರಸಿ ನೋಡಬೇಡಿ. ಒಂದು ಹೆಣ್ಣನ್ನು ಗಂಡು ಅಂತ ಬಿಸಾಡಿದರೆ 400 ಮೊಟ್ಟೆ ನಷ್ಟ, ಅಲ್ಲಿಗೆ ಮುಗೀತು. ಒಂದು ಗಂಡನ್ನು ಹೆಣ್ಣು ಅಂತ ಒಳಗೆ ಬಿಟ್ಟರೆ ರೈತನಿಗೆ ಬೇರೆಯದೇ ಮಾಲು ಹೋಗುತ್ತೆ. ಎರಡು ತಪ್ಪಿನ ಬೆಲೆ ಒಂದೇ ಅಲ್ಲ. ಅನುಮಾನ ಬಂದದ್ದನ್ನು ಪಕ್ಕಕ್ಕಿಡೋ ಮಷೀನ್ ಬೇಕು. ಎರಡು, ಕೋಶದ ಚರ್ಮ ತೆಳು, ಒತ್ತಿದರೆ ಸತ್ತೇ ಹೋಗುತ್ತೆ. ಮೂರು, ಚಿಟ್ಟೆ ರೆಕ್ಕೆಯಿಂದ ಉದುರೋ ಹುಡಿ ಉಸಿರಿಗೆ ಸೇರಿ ಬಿತ್ತನೆ ಕೋಠಿಯಲ್ಲಿ ದುಡಿಯೋರಿಗೆ ಅಲರ್ಜಿ, ಅಸ್ತಮಾ ಬರೋದುಂಟು. ಕೋಶದ ಹಂತದಲ್ಲೇ ಸರಿಯಾಗಿ ಆರಿಸೋಕೆ ಸಾಧ್ಯವಾದರೆ ಬೇಡದ ಅರ್ಧ ಚಿಟ್ಟೆಗಳು ಆ ಕೋಣೆಯಲ್ಲಿ ರೆಕ್ಕೆ ಬಡಿಯೋದೇ ತಪ್ಪುತ್ತೆ.

ಕೋಡ್ ಬರೆಯೋಕೆ ಮುಂಚೆ ಒಂದು ಬಿತ್ತನೆ ಕೋಠಿಗೆ ಹೋಗಿ, ಅನುಮತಿ ಕೇಳಿ, ವರ್ಷಗಟ್ಟಲೆ ಆರಿಸಿದ ಅಕ್ಕಂದಿರ ಪಕ್ಕ ಒಂದು ದಿನ ಕೂತು ನೋಡಿ. ಗುಣಾಕಾರದ ಗೆರೆ, ದುಂಡು ಚುಕ್ಕೆ ನಮಗೆ ಪುಸ್ತಕದಲ್ಲಿ ಸಿಗುತ್ತೆ. ಗೆರೆ ಮಸುಕಾಗಿದ್ದಾಗ ಅವರು ಏನು ನೋಡಿ ತೀರ್ಮಾನಿಸುತ್ತಾರೆ ಅನ್ನೋದನ್ನು ಅವರನ್ನೇ ಕೇಳಬೇಕು.