ಮರ್ಕ್ಯುಶಿಯೊ

ಮರ್ಕ್ಯುಶಿಯೊ ವಿಲಿಯಂ ಷೇಕ್ಸ್‌ಪಿಯರ್‌ನ 'ರೋಮಿಯೋ ಅಂಡ್ ಜೂಲಿಯೆಟ್' ದುರಂತ ನಾಟಕದ ಪ್ರಮುಖ ಪೋಷಕ ಪಾತ್ರ. ಈತ ವೆರೋನಾ ನಗರದ ಅರಸ ಎಸ್ಕಲಸ್‌ನ ಬಂಧು ಹಾಗೂ ರೋಮಿಯೋನ ಆಪ್ತಮಿತ್ರ. ಮಾಂಟೇಗ್ ಮತ್ತು ಕ್ಯಾಪುಲೆಟ್ ಮನೆತನಗಳೆರಡಕ್ಕೂ ಸೇರದ ಈತನೇ ಅವುಗಳ ಹಗೆತನಕ್ಕೆ ನಾಟಕದಲ್ಲಿ ಮೊದಲ ಬಲಿಯಾಗುತ್ತಾನೆ.

ಮೂಲ

ನಾಟಕಕ್ಕೆ ಆಕರವಾದ ಆರ್ಥರ್ ಬ್ರೂಕ್‌ನ ಕಾವ್ಯದಲ್ಲಿ (1562) ಮರ್ಕ್ಯುಶಿಯೊ ಔತಣಕೂಟದ ಸನ್ನಿವೇಶದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಾನೆ. ಆತನ ಗೆಳೆತನ, ವಾಕ್ಚಾತುರ್ಯ ಮತ್ತು ಮರಣ ಷೇಕ್ಸ್‌ಪಿಯರ್‌ನ ಸೃಷ್ಟಿ. ನಾಟಕವು ಮೊದಲು ಮುದ್ರಣಗೊಂಡದ್ದು 1597ರಲ್ಲಿ.

ಸ್ವಭಾವ

ಶ್ಲೇಷೆ ಮತ್ತು ಪರಿಹಾಸ್ಯ ಈತನ ಮಾತಿನ ಲಕ್ಷಣಗಳು. ಮೊದಲನೆಯ ಅಂಕದಲ್ಲಿ ಕನಸುಗಳನ್ನು ತರುವ ಕಿನ್ನರಿ ಮ್ಯಾಬ್ ರಾಣಿಯನ್ನು ವರ್ಣಿಸುತ್ತಾ ಕನಸುಗಳನ್ನೂ ಪ್ರೇಮವನ್ನೂ ಲೇವಡಿ ಮಾಡುತ್ತಾನೆ. ರೋಮಿಯೋನ ವಿರಹವನ್ನು ಅಣಕಿಸಿದರೂ ಅವನನ್ನು ಮತ್ತೆ ನಗಿಸುವುದೇ ಆ ಅಣಕದ ಉದ್ದೇಶ.

ನಿಷ್ಠೆ ಮತ್ತು ಮಾನ

ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಕ್ಯಾಪುಲೆಟ್ ಮನೆತನದ ಟಿಬಾಲ್ಟ್ ರೋಮಿಯೋನನ್ನು ಹೀಯಾಳಿಸಿ ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಜೂಲಿಯೆಟ್‌ಳನ್ನು ಗುಟ್ಟಾಗಿ ಮದುವೆಯಾಗಿರುವ ರೋಮಿಯೋ, ಆಕೆಯ ಬಂಧುವೆಂಬ ಕಾರಣಕ್ಕೆ ಮೃದುವಾಗಿ ಉತ್ತರಿಸುತ್ತಾನೆ. ಮದುವೆಯ ಸಂಗತಿ ತಿಳಿಯದ ಮರ್ಕ್ಯುಶಿಯೊಗೆ ಇದು ಮಾನಗೇಡಿನ ಶರಣಾಗತಿಯಾಗಿ ತೋರುತ್ತದೆ. ಮಿತ್ರನ ಮಾನ ಉಳಿಸಲು ತಾನೇ ಕತ್ತಿ ಹಿರಿಯುತ್ತಾನೆ. ಜಗಳ ಬಿಡಿಸಲು ರೋಮಿಯೋ ನಡುವೆ ಬಂದಾಗ, ಅವನ ತೋಳಿನಡಿಯಿಂದ ಟಿಬಾಲ್ಟ್ ಇರಿಯುತ್ತಾನೆ.

ಸಾಯುವ ಹೊತ್ತಿನಲ್ಲೂ ಮರ್ಕ್ಯುಶಿಯೊ, 'ಗಂಭೀರ' ಮತ್ತು 'ಗೋರಿ' ಎಂಬ ಎರಡೂ ಅರ್ಥ ಕೊಡುವ ಇಂಗ್ಲಿಷ್ ಪದವೊಂದನ್ನು ಬಳಸಿ ಚಮತ್ಕಾರದ ಮಾತಾಡುತ್ತಾನೆ. ಜೊತೆಗೆ ಎರಡೂ ಮನೆತನಗಳನ್ನು ಶಪಿಸುತ್ತಾನೆ. ಆತನ ನಿಷ್ಠೆ ಮನೆತನಕ್ಕಲ್ಲ, ವ್ಯಕ್ತಿಗೆ ಸಲ್ಲುವಂಥದು ಎಂಬುದು ಈ ಶಾಪದಿಂದ ಸ್ಪಷ್ಟವಾಗುತ್ತದೆ. ಆದರೆ ಆತ ನಂಬಿದ ಮಾನದ ಕಲ್ಪನೆ ಆ ಮನೆತನಗಳದ್ದಕ್ಕಿಂತ ಬೇರೆಯಲ್ಲ. ಮಾತಿಗೆ ಕತ್ತಿಯೇ ಉತ್ತರವೆಂದು ಆತನೂ ಭಾವಿಸಿದ್ದಾನೆ.

ನಾಟಕದಲ್ಲಿ ಸ್ಥಾನ

ಈ ಮರಣದವರೆಗೆ ನಾಟಕ ಬಹುಮಟ್ಟಿಗೆ ವಿನೋದದ ಧಾಟಿಯಲ್ಲಿ ಸಾಗುತ್ತದೆ. ಬಳಿಕ ರೋಮಿಯೋ ಸೇಡಿಗಾಗಿ ಟಿಬಾಲ್ಟ್‌ನನ್ನು ಕೊಂದು ಗಡೀಪಾರಾಗುತ್ತಾನೆ, ದುರಂತ ಅನಿವಾರ್ಯವಾಗುತ್ತದೆ.

ಕನ್ನಡ ರಂಗಭೂಮಿಯೊಡನೆ ಹೋಲಿಕೆ

ಈ ನಾಟಕ 19ನೆಯ ಶತಮಾನದಲ್ಲಿಯೇ 'ರಾಮವರ್ಮ ಲೀಲಾವತಿ' ಎಂಬ ರೂಪಾಂತರವಾಗಿ ಕನ್ನಡಕ್ಕೆ ಬಂದಿತು. ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿ ಹಾಸ್ಯದ ಹೊಣೆ ಸಾರಥಿಯದು. ರಂಗಕ್ಕೆ ಬರುವ ಪಾತ್ರಗಳನ್ನು ಮಾತಿಗೆಳೆದು ನಗಿಸುವ ಸಾರಥಿ ಕಥೆಯ ಹೊರಗೆ ನಿಲ್ಲುವುದರಿಂದ ಅದರ ಕೇಡು ಅವನನ್ನು ತಟ್ಟುವುದಿಲ್ಲ. ಸಂಸ್ಕೃತ ನಾಟಕದ ವಿದೂಷಕ ನಾಯಕನ ಗೆಳೆಯನಾಗಿ ಕಥೆಯೊಳಗಿದ್ದರೂ ಸುರಕ್ಷಿತ. ಮರ್ಕ್ಯುಶಿಯೊಗೆ ಅಂಥ ರಕ್ಷಣೆಯಿಲ್ಲ. ನಗಿಸುವವನೇ ಗೆಳೆತನಕ್ಕಾಗಿ ಪ್ರಾಣ ತೆರುತ್ತಾನೆ.