ವಿದ್ಯಾರ್ಥಿಗಳ ಬರವಣಿಗೆ ಮತ್ತು ತರಗತಿಯ ಬಳಗ

ವಿದ್ಯಾರ್ಥಿಯು ಶಾಲೆಯಲ್ಲಿ ಬರೆಯುವ ಬರಹಕ್ಕೆ ಸಾಮಾನ್ಯವಾಗಿ ಒಬ್ಬನೇ ಓದುಗನುಂಟು, ಆತನೇ ಉಪಾಧ್ಯಾಯ. ಮಳೆಗಾಲವನ್ನು ಕುರಿತ ಪ್ರಬಂಧವು ಕೆಂಪು ಮಸಿಯ ಗುರುತುಗಳನ್ನೂ ಅಂಕವನ್ನೂ ಹೊತ್ತು ಬರೆದವನಿಗೇ ಹಿಂದಿರುಗುತ್ತದೆ. ಪಕ್ಕದಲ್ಲಿ ಕುಳಿತ ಸಹಪಾಠಿಗೆ ಅದರ ಸುಳಿವೂ ಇರುವುದಿಲ್ಲ. ಹೀಗೆ ನಲವತ್ತು ಮಕ್ಕಳು ವರ್ಷವಿಡೀ ಒಂದೇ ಕೊಠಡಿಯಲ್ಲಿ ಕುಳಿತರೂ ಒಬ್ಬರ ಮನಸ್ಸು ಮತ್ತೊಬ್ಬರಿಗೆ ತಿಳಿಯದೆ ಹೋಗುವುದುಂಟು. ಅಂತಹ ಗುಂಪನ್ನು ತರಗತಿಯೆನ್ನಬಹುದು, ಬಳಗವೆನ್ನಲಾಗದು. ಮಕ್ಕಳು ಒಬ್ಬರಿಗಾಗಿ ಒಬ್ಬರು ಬರೆಯತೊಡಗಿದರೆ ಈ ಸ್ಥಿತಿಯು ಹೇಗೆ ಮಾರ್ಪಡುವುದೆಂಬುದಕ್ಕೆ ಫ್ರಾನ್ಸ್ ದೇಶದ ಸೆಲೆಸ್ತೆಂ ಫ್ರೆನೆ ಎಂಬ ಹಳ್ಳಿಯ ಉಪಾಧ್ಯಾಯನ ಪ್ರಯೋಗವು ಉತ್ತಮ ನಿದರ್ಶನವಾಗಿದೆ.

1896ರಲ್ಲಿ ಜನಿಸಿದ ಫ್ರೆನೆಯು ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯಗೊಂಡು, 1920ರಲ್ಲಿ ಬಾರ್-ಸುರ್-ಲೂ ಎಂಬ ಗ್ರಾಮದ ಶಾಲೆಗೆ ಬಂದನು. ಏರುದನಿಯಲ್ಲಿ ಬಹಳ ಹೊತ್ತು ಪಾಠ ಹೇಳುವ ಶಕ್ತಿ ಆತನಿಗಿರಲಿಲ್ಲ. ಆದುದರಿಂದ ತನ್ನ ಮಾತನ್ನು ಕಡಿಮೆ ಮಾಡಿ ಮಕ್ಕಳ ಮಾತನ್ನು ಆಲಿಸತೊಡಗಿದನು. ಗಾಯವು ಕಲಿಸಿದ ಈ ಪಾಠವನ್ನು ಎಷ್ಟೋ ಆರೋಗ್ಯವಂತ ಉಪಾಧ್ಯಾಯರು ಕೊನೆಯವರೆಗೂ ಕಲಿಯುವುದಿಲ್ಲ! ಮಕ್ಕಳನ್ನು ಹೊಲಗಳಿಗೂ ಕಸುಬುದಾರರ ಬಳಿಗೂ ಕರೆದೊಯ್ದು, ಮರಳಿದ ಮೇಲೆ ಅವರು ಕಂಡದ್ದನ್ನು ಅವರ ನುಡಿಯಲ್ಲಿಯೇ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದನು. ಮಕ್ಕಳು ತರಗತಿಗೆ ತಂದ ಬಸವನಹುಳುಗಳ ಓಟದ ಪಂದ್ಯವೇ ಒಂದು ದಿನದ ಓದಿನ ಪಾಠವಾಯಿತೆಂಬ ಕಥೆಯು ಆತನ ಅನುಯಾಯಿಗಳಲ್ಲಿ ಪ್ರಸಿದ್ಧವಾಗಿದೆ.

ಹಲಗೆಯ ಬರಹವಾದರೋ ಸಂಜೆಗೆ ಅಳಿಸಿಹೋಗುವಂಥದು. ಅದನ್ನು ಉಳಿಸುವ ಸಲುವಾಗಿ 1924ರ ಸುಮಾರಿಗೆ ಫ್ರೆನೆಯು ಒಂದು ಚಿಕ್ಕ ಕೈಮುದ್ರಣ ಯಂತ್ರವನ್ನು ತರಗತಿಗೆ ತಂದನು. ಕ್ರಮೇಣ ಒಂದು ಪದ್ಧತಿ ರೂಪುಗೊಂಡಿತು. ಇಂಥದನ್ನೇ ಬರೆಯಬೇಕೆಂಬ ವಿಧಿಯಿಲ್ಲ. ಬರೆಯಲೇಬೇಕೆಂಬ ಬಲವಂತವೂ ಇಲ್ಲ. ಬರೆದವರು ತಮ್ಮ ಬರಹವನ್ನು ಎಲ್ಲರೆದುರು ಓದುವರು. ಅಚ್ಚಿಗೆ ಯಾವುದು ಯೋಗ್ಯವೆಂಬುದನ್ನು ಮಕ್ಕಳೇ ಮತ ನೀಡಿ ನಿರ್ಣಯಿಸುವರು. ಬಳಿಕ ಅದನ್ನು ತರಗತಿಯೆಲ್ಲವೂ ಕೂಡಿ ತಿದ್ದುವುದು. ಈ ವಾಕ್ಯದ ಅರ್ಥವೇನು, ನಾಯಿ ಓಡಿಹೋದದ್ದು ಯಾವ ಕಡೆಗೆ ಎಂದು ಗೆಳೆಯರು ಕೇಳುವರು, ಬರೆದವನು ಉತ್ತರಿಸುವನು. ಎಂದೂ ಬಾಯಿಬಿಡದ ಹುಡುಗನು ತನ್ನ ಮನೆಯ ಕುರಿಯ ವಿಷಯವಾಗಿ ಮಾತನಾಡಲೇಬೇಕಾಗುವುದು ಇಲ್ಲಿಯೇ. ಅನಂತರ ಅಚ್ಚುಮೊಳೆಗಳ ಜೋಡಣೆ. ಒಬ್ಬನ ಬರಹವನ್ನು ಮತ್ತೊಬ್ಬನು ಅಕ್ಷರ ಅಕ್ಷರವಾಗಿ ಜೋಡಿಸುವಾಗ ಕಾಗುಣಿತವು ಕೈಗೇ ಹತ್ತುತ್ತದೆ. ಜೊತೆಗೆ ಆ ಬರಹವು ಇಬ್ಬರದೂ ಆಗುತ್ತದೆ.

ಅಚ್ಚಾದ ಹಾಳೆಗಳು ದೂರಕ್ಕೂ ಸಂಚರಿಸಿದವು. 1926ರಲ್ಲಿ ಬ್ರಿಟನಿ ಪ್ರಾಂತದ ತ್ರೆಗಂಕ್ ಊರಿನಲ್ಲಿದ್ದ ರೆನೆ ದಾನಿಯೆಲ್ ಎಂಬ ಉಪಾಧ್ಯಾಯನ ತರಗತಿಯೊಡನೆ ವಿನಿಮಯವು ಆರಂಭವಾಯಿತು. ದಕ್ಷಿಣದ ಬೆಟ್ಟದೂರಿನ ಮಕ್ಕಳ ಬರಹವನ್ನು ವಾಯವ್ಯದ ಕಡಲತೀರದ ಮಕ್ಕಳು ಓದತೊಡಗಿದರು. ತನಗೆ ತೀರ ಪರಿಚಿತವಾದುದನ್ನು ಅರಿಯದವರಿಗೆ ತಿಳಿಯಹೇಳಬೇಕಾದಾಗಲೇ ತರಗತಿಗೆ ತನ್ನ ಊರಿನ ಪರಿಚಯವಾಗುತ್ತದೆ.

ಫ್ರೆನೆಯ ಪದ್ಧತಿಯಲ್ಲಿ ಗೋಡೆಪತ್ರಿಕೆಯೂ ಒಂದು. ಆಕ್ಷೇಪ, ಅಭಿನಂದನೆ, ಕೋರಿಕೆ, ಮಾಡಿ ಮುಗಿಸಿದ ಕೆಲಸ ಎಂದು ಅದರಲ್ಲಿ ಅಂಕಣಗಳು. ಯಾರು ಏನನ್ನಾದರೂ ಬರೆಯಬಹುದು, ಆದರೆ ಹೆಸರು ಹಾಕಲೇಬೇಕು. ವಾರದ ಸಭೆಯಲ್ಲಿ ಅದನ್ನು ಓದಿ ಎಲ್ಲರೆದುರು ವಿಚಾರ ನಡೆಯುತ್ತಿತ್ತು. ಬೆನ್ನಹಿಂದಿನ ಚಾಡಿಯು ಹೀಗೆ ಮುಖಾಮುಖಿಯ ಮಾತಾಗುತ್ತದೆ. ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡು ನಿಷ್ಠುರವಾಗಿ ನುಡಿದ ಅಂಬಿಗರ ಚೌಡಯ್ಯನವರನ್ನು ಬಲ್ಲ ನಮ್ಮ ಮಕ್ಕಳಿಗೆ ಈ ನಿಯಮದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಕೈಬರಹದ ಪತ್ರಿಕೆ, ಭಿತ್ತಿಪತ್ರಿಕೆಗಳು ಕನ್ನಡ ಶಾಲೆಗಳಿಗೆ ಹೊಸತಲ್ಲ. ಆದರೆ ಅನೇಕ ಕಡೆ ಅವು ವಾರ್ಷಿಕೋತ್ಸವದ ಅಲಂಕಾರವಾಗಿ ಮಾತ್ರ ಉಳಿದಿವೆ. ದುಂಡಕ್ಷರದ ಇಬ್ಬರು ಬರೆಯುತ್ತಾರೆ, ಉಪಾಧ್ಯಾಯರು ತಿದ್ದುತ್ತಾರೆ, ಅತಿಥಿಗಳು ಮೆಚ್ಚುತ್ತಾರೆ. ಸಹಪಾಠಿಗಳು ಓದಿ ಪ್ರಶ್ನಿಸದ ಪತ್ರಿಕೆಯು ಎಷ್ಟೇ ಅಂದವಾಗಿದ್ದರೂ ತರಗತಿಯನ್ನು ಕೂಡಿಸಲಾರದು.

ಈ ಮಾರ್ಗದಲ್ಲಿ ಅಪಾಯವೂ ಇಲ್ಲದಿಲ್ಲ. 1928ರಲ್ಲಿ ಫ್ರೆನೆಯು ಸೆಂ-ಪೋಲ್ ಎಂಬ ಊರಿಗೆ ಹೋದನು. ಶಾಲೆಯ ಸಾಮಗ್ರಿಗಳಿಗೆ ಹಣ ಕೊಡದ ಊರಿನ ಮೇಯರನ ವಿರುದ್ಧ ತರಗತಿಯೇ ದಂಗೆಯೆದ್ದಿತೆಂದೂ, ಆತನನ್ನು ತಾನು ಇರಿದೆನೆಂದೂ ಒಬ್ಬ ಹುಡುಗನು ತನ್ನ ಕನಸನ್ನು ಬರೆದನು. ತರಗತಿಯೊಳಗೆ ಅದು ಒಂದು ಕನಸು ಮಾತ್ರ. ಆದರೆ 1932ರ ಕೊನೆಯಲ್ಲಿ ಫ್ರೆನೆಯ ವಿರೋಧಿಗಳು ಅದನ್ನು ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸಿ ಊರ ಗೋಡೆಗಳಿಗೆ ಅಂಟಿಸಿದರು. ಬಳಗವನ್ನು ನಂಬಿ ಬಾಲಕನು ಹೇಳಿಕೊಂಡದ್ದನ್ನು ಬೀದಿಗೆ ಎಳೆದವರದೇ ಇಲ್ಲಿ ದೊಡ್ಡ ತಪ್ಪು. ಆದರೂ ಯಾವ ಹಾಳೆ ತರಗತಿಯ ಬಾಗಿಲು ದಾಟಬೇಕೆಂಬ ವಿವೇಚನೆಯನ್ನು ಮಕ್ಕಳ ಮತಕ್ಕೆ ಮಾತ್ರ ಬಿಡುವಂತಿಲ್ಲ, ಅದು ಉಪಾಧ್ಯಾಯನ ಹೊಣೆಯೂ ಹೌದು. ಗಲಭೆ ಬೆಳೆದು 1933ರಲ್ಲಿ ಫ್ರೆನೆಯು ಆ ಊರನ್ನು ಬಿಡಬೇಕಾಯಿತು. 1935ರಲ್ಲಿ ಪತ್ನಿ ಎಲೀಸಳೊಡನೆ ವಾನ್ಸ್ ಎಂಬಲ್ಲಿ ಸ್ವಂತ ಶಾಲೆಯನ್ನು ತೆರೆದು, ಮುದ್ರಣ ಯಂತ್ರವನ್ನು ಅಲ್ಲಿಯೂ ನಡೆಸಿದನು. 1966ರಲ್ಲಿ ಆತನು ತೀರಿಕೊಂಡ ಮೇಲೂ ನಡೆದುಬಂದ ಆ ಶಾಲೆಯನ್ನು 1991ರಲ್ಲಿ ಫ್ರಾನ್ಸ್ ಸರ್ಕಾರವೇ ವಹಿಸಿಕೊಂಡಿತು.