ಬಿಲ್ಲಿನ ಹೆದೆಯೂ ಏಕಮಾನ ವೃತ್ತವೂ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪಿ. ಯು. ಸಿ. ತರಗತಿಗೆ ಸೇರಿದ ಬಾಲಿಕೆಯರಲ್ಲಿ ಕೆಲವರು ಮೊದಲನೆಯ ವರ್ಷದ ನಡುವೆ ನಮ್ಮನ್ನು ಕಾಣಲು ಬರುವುದುಂಟು. ಗಣಿತದಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ಹೋದವರೇ ಮುಖ ಬಾಡಿಸಿಕೊಂಡು, "ಟೀಚರ್, ೧೨೦ ಡಿಗ್ರಿಯ ಕೋನಕ್ಕೆ ಸೈನ್ ಎಲ್ಲಿಂದ ಬಂತು? ಲಂಬಕೋನ ತ್ರಿಭುಜದಲ್ಲಿ ಅಷ್ಟು ದೊಡ್ಡ ಕೋನ ಹಿಡಿಸುವುದೇ ಇಲ್ಲವಲ್ಲ!" ಎಂದು ಕೇಳುತ್ತಾರೆ. ಹೀಗೆ ಕೇಳಿದವಳು ದಡ್ಡಿಯಲ್ಲ. ವಿಷಯದ ಮರ್ಮವನ್ನೇ ಮುಟ್ಟಿದವಳು. ಆದರೆ ಅನೇಕರು ಬಾಯಿಬಿಟ್ಟು ಕೇಳದೆ, ತಮ್ಮ ತಲೆಗೆ ಗಣಿತ ಹತ್ತದೆಂದು ತೀರ್ಮಾನಿಸಿ, ಆ ವಿದ್ಯೆಯನ್ನೇ ತೊರೆದುಬಿಡುತ್ತಾರೆ. ಮನೆಯವರೂ ಅದನ್ನೇ ನಂಬುತ್ತಾರೆ. ಇದು ಅಲ್ಪವಾದ ನಷ್ಟವಲ್ಲ.

ಈ ತೊಡಕಿನ ಕಾರಣವು ಬಾಲಿಕೆಯ ಬುದ್ಧಿಯಲ್ಲಿಲ್ಲ, ಪಾಠದ ಕ್ರಮದಲ್ಲಿದೆ. ಹತ್ತನೆಯ ತರಗತಿಯಲ್ಲಿ ಸೈನ್ ಎಂದರೆ ಲಂಬಕೋನ ತ್ರಿಭುಜದ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಮರುವರ್ಷ ಅದೇ ಹೆಸರನ್ನು ವೃತ್ತದ ಮೇಲೆ ಸುತ್ತುವ ಒಂದು ಬಿಂದುವಿಗೆ ಸಂಬಂಧಿಸಿ ಹೇಳುತ್ತಾರೆ. ಇವೆರಡರ ನಡುವಣ ಸೇತುವೆಯನ್ನು ಉಪಾಧ್ಯಾಯರಾದ ನಾವು ಅವಸರದಲ್ಲಿ ಕಟ್ಟದೆಯೇ ಮುಂದೆ ಸಾಗುವುದುಂಟು.

ಚರಿತ್ರೆಯನ್ನು ನೋಡಿದರೆ ಸೈನ್ ಹುಟ್ಟಿದುದು ವೃತ್ತದಲ್ಲಿಯೇ. ನಮ್ಮ ಪೂರ್ವಿಕರು ವೃತ್ತದ ಕಂಸವನ್ನು ಬಿಲ್ಲಿಗೂ, ಅದರ ಎರಡು ತುದಿಗಳನ್ನು ಸೇರಿಸುವ ರೇಖೆಯನ್ನು ಹೆದೆಗೂ ಹೋಲಿಸಿ, ಅದನ್ನು 'ಜ್ಯಾ' ಎಂದು ಕರೆದರು. ಅದರ ಅರ್ಧವು 'ಅರ್ಧಜ್ಯಾ'; ಕ್ರಮೇಣ ಅದಕ್ಕೂ 'ಜ್ಯಾ' ಎಂಬ ಹೆಸರೇ ನಿಂತಿತು. ಈ ಶಬ್ದವು ಅರಬರಲ್ಲಿ 'ಜೀಬ' ಎಂದಾಗಿ, ಮುಂದೆ 'ಜೈಬ್', ಅಂದರೆ ಮಡಿಲು, ಎಂದು ಓದಲ್ಪಟ್ಟು, ೧೨ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ 'ಸೈನಸ್' ಎಂದು ಅನುವಾದವಾಯಿತು. ಸೈನ್ ಎಂಬುದು ಅದರಿಂದಲೇ ಬಂದುದು.

ಕ್ರಿ. ಶ. ೪೯೯ರ ಸುಮಾರಿಗೆ ರಚಿತವಾದ 'ಆರ್ಯಭಟೀಯ'ದ ಜ್ಯಾಗಣನೆಯಲ್ಲಿ ವೃತ್ತದ ಪರಿಧಿ ೨೧,೬೦೦ ಕಲೆಗಳು, ತ್ರಿಜ್ಯ ೩,೪೩೮ ಕಲೆಗಳು. ಅಲ್ಲಿ ೩೦ ಡಿಗ್ರಿಯ ಜ್ಯಾ ೧,೭೧೯, ಅಂದರೆ ತ್ರಿಜ್ಯದ ಸರಿಯಾದ ಅರ್ಧ. ನಾವು ಇಂದು ತ್ರಿಜ್ಯವನ್ನೇ 'ಒಂದು' ಎಂದು ಎಣಿಸುವುದರಿಂದ ಅದೇ ಜ್ಯಾ 'ಅರ್ಧ'ವಾಗುತ್ತದೆ. ಏಕಮಾನ ವೃತ್ತವೆಂದರೆ ಇಷ್ಟೇ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೈವಾರದಿಂದ ೧೦ ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ಬರೆದು, ಆ ೧೦ ಸೆಂಟಿಮೀಟರನ್ನೇ 'ಒಂದು' ಎಂದು ಇಟ್ಟುಕೊಳ್ಳಿರಿ. ಕೇಂದ್ರದ ಮೂಲಕ ಒಂದು ಅಡ್ಡಗೆರೆಯನ್ನು ಎಳೆಯಿರಿ. ಅದರ ಬಲತುದಿಯಿಂದ ಒಂದು ಬಿಂದುವು ಅಪ್ರದಕ್ಷಿಣವಾಗಿ ಮೇಲೇರುತ್ತದೆಂದು ಭಾವಿಸಿರಿ. ಅಡ್ಡಗೆರೆಯಿಂದ ಅದು ಇರುವ ಎತ್ತರವೇ ಸೈನ್. ಕೇಂದ್ರದಿಂದ ಅದು ಪಕ್ಕಕ್ಕೆ ಸರಿದಿರುವ ದೂರವೇ ಕೊಸೈನ್. ೩೦ ಡಿಗ್ರಿಯಲ್ಲಿ ಎತ್ತರವು ೫ ಸೆಂಟಿಮೀಟರ್. ಬಿಂದುವಿನಿಂದ ಅಡ್ಡಗೆರೆಗೆ ಲಂಬವನ್ನು ಇಳಿಸಿದರೆ ಹತ್ತನೆಯ ತರಗತಿಯ ತ್ರಿಭುಜವೇ ಒಳಗೆ ಕುಳಿತಿರುವುದು ಕಾಣುತ್ತದೆ. ಅದರ ವಿಕರ್ಣವು 'ಒಂದು' ಆದಕಾರಣ ಭಾಗಿಸಿದರೂ ಬಾಹುವೇ ಉಳಿಯುತ್ತದೆ. ನಾವು ಕಟ್ಟದೆ ಬಿಟ್ಟ ಸೇತುವೆ ಇದೇ.

ಬಿಂದುವು ೯೦ ಡಿಗ್ರಿಯನ್ನು ದಾಟಿ ೧೨೦ಕ್ಕೆ ಬಂದಾಗ ಅದರ ಎತ್ತರವು ೬೦ ಡಿಗ್ರಿಯಲ್ಲಿದ್ದಷ್ಟೇ, ಸುಮಾರು ೮.೬೬ ಸೆಂಟಿಮೀಟರ್. ಆದರೆ ಅದು ಕೇಂದ್ರದ ಎಡಕ್ಕೆ ಸರಿದಿರುವುದರಿಂದ ಕೊಸೈನ್ ಋಣವಾಯಿತು. ೧೮೦ನ್ನು ದಾಟಿ ಅಡ್ಡಗೆರೆಯ ಕೆಳಗಿಳಿದರೆ ಸೈನ್ ಸಹ ಋಣವಾಗುತ್ತದೆ. ಚಿಹ್ನೆಗಳನ್ನು ಕಂಠಪಾಠ ಮಾಡಬೇಕಾದ ಅವಶ್ಯವೇ ಇಲ್ಲ.

ತಪ್ಪುಗಳನ್ನು ಕಂಡುಹಿಡಿಯಲೂ ಈ ಚಿತ್ರವು ನೆರವಾಗುತ್ತದೆ. ೩೦ ಮತ್ತು ೬೦ ಡಿಗ್ರಿಗಳ ಸೈನ್‌ಗಳನ್ನು ಕೂಡಿಸಿದರೆ ೯೦ ಡಿಗ್ರಿಯ ಸೈನ್ ಸಿಕ್ಕುವುದೆಂದು ಅನೇಕರು ಬರೆಯುತ್ತಾರೆ. ಆ ಮೊತ್ತವು ಸುಮಾರು ೧.೩೬೬. ಬಿಂದುವು ತ್ರಿಜ್ಯಕ್ಕಿಂತ ಮೇಲಕ್ಕೆ ಏರಲಾರದಷ್ಟೆ! ಚಿತ್ರವನ್ನು ಬಲ್ಲವಳು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಳು.

ಮಾನ್ಯ ಪೋಷಕರೇ, ನಿಮ್ಮ ಮಗಳು ಗಣಿತವನ್ನು ಬಿಡುವೆನೆಂದು ಹೇಳಿದ ದಿನ, ಒಡನೆಯೇ ಒಪ್ಪಿಕೊಳ್ಳಬೇಡಿರಿ. ಒಂದು ವೃತ್ತವನ್ನು ಬರೆಯಿಸಿ, "ಬಿಂದು ಈಗ ಎಷ್ಟು ಎತ್ತರದಲ್ಲಿದೆ, ಮಗಳೇ?" ಎಂದು ಕೇಳಿರಿ. ನಿಮಗೆ ಉತ್ತರ ತಿಳಿಯದಿದ್ದರೂ ಚಿಂತೆಯಿಲ್ಲ, ಅವಳೇ ಅಳೆದು ಹೇಳಲಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಂಗಿಯರಿಗೂ ಮಕ್ಕಳಿಗೂ ನೀವೂ ಹೀಗೆಯೇ ನೆರವಾಗಿರಿ. ತಿಳಿಯಲಿಲ್ಲವೆಂದು ಎರಡನೆಯ ಸಲ ಕೇಳಲು ಬರುವ ಬಾಲಿಕೆಗೆ ನಮ್ಮ ಶಾಲೆಯ ಬಾಗಿಲು ಎಂದಿಗೂ ತೆರೆದೇ ಇದೆ.